ಗೂಬೆಕಲ್ಲು ಒಡೆದ ವರ್ಷ

ಡಾಂಬರಿನ ವಾಸನೆ ಬಂದರೆ ಕೆಲವರಿಗೆ ತಲೆನೋವು. ನನಗೆ ಹಸಿವಾಗುತ್ತದೆ. ಮೊನ್ನೆ ಪುತ್ತೂರು ಪೇಟೆಯಲ್ಲಿ ಲಾರಿಯಿಂದ ಅಕ್ಕಿ ಮೂಟೆ ಇಳಿಸುತ್ತಿದ್ದೆ. ಪಕ್ಕದಲ್ಲೇ ರಸ್ತೆ ರಿಪೇರಿಯವರು ಡ್ರಮ್ಮಿನ ಅಡಿಗೆ ಬೆಂಕಿ ಹಾಕಿ ಡಾಂಬರು ಕಾಯಿಸುತ್ತಿದ್ದರು. ಹೊಗೆ ಮೂಗಿಗೆ ಬಡಿದದ್ದೇ ಹೊಟ್ಟೆ ಚುರುಗುಟ್ಟಿತು. ಗೂಬೆಕಲ್ಲಿನ ಕೆಲಸದಲ್ಲಿದ್ದಾಗ ನಾವು ಇಂಥದ್ದೇ ಡ್ರಮ್ಮಿನ ಪಕ್ಕ ಕೂತು ಗಂಜಿ ಉಣ್ಣುತ್ತಿದ್ದೆವು. ಮೂಟೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಸಾಹುಕಾರರು ಬೈದರು. ಬೈಯಲಿ.

ನಮ್ಮ ಊರು ಜಾಲ್ಸೂರಿನ ಈಚೆಗೆ. ಊರು ಬಿಟ್ಟು ಪುತ್ತೂರಿನ ಕಡೆ ಹೊರಟರೆ ಕೂಡಲೇ ಒಂದು ಚಡಾವು ಹತ್ತಬೇಕು. ಚಡಾವಿನ ನಡುವೆ ತಿರುವು. ತಿರುವಿನ ಒಂದು ಬದಿಯಲ್ಲಿ ಗುಡ್ಡದಿಂದ ರಸ್ತೆಗೆ ಚಾಚಿಕೊಂಡ ಕರಿಬಂಡೆ. ಅದೇ ಗೂಬೆಕಲ್ಲು. ಇನ್ನೊಂದು ಬದಿಯಲ್ಲಿ ಏನೂ ಇಲ್ಲ. ಏನೂ ಇಲ್ಲ ಎಂದರೆ ನಿಜವಾಗಿಯೂ ಏನೂ ಇಲ್ಲ. ಮಣ್ಣಿನ ಅಂಚು, ಆಮೇಲೆ ಗಾಳಿ, ತೀರಾ ಕೆಳಗೆ ಹೊಳೆ. ಎದುರಿನಿಂದ ಏನು ಬರುತ್ತದೆ ಎಂದು ಬಂಡೆಯ ಮೂಗು ದಾಟುವವರೆಗೆ ಕಾಣುತ್ತಿರಲಿಲ್ಲ.

ಹಾಗಾಗಿ ನಮ್ಮಲ್ಲಿ ಒಂದು ಕ್ರಮ ಇತ್ತು. ಬಸ್ಸು ಚಡಾವಿನ ಬುಡಕ್ಕೆ ಬಂದ ಕೂಡಲೇ ನಿಲ್ಲುವುದು, ಜನ ಇಳಿಯುವುದು. ಯಾರೂ ಹೇಳಬೇಕಾಗಿರಲಿಲ್ಲ. ಖಾಲಿ ಬಸ್ಸು ಗುರುಗುಟ್ಟುತ್ತಾ ಹತ್ತುತ್ತಿತ್ತು. ಕ್ಲೀನರ್ ಮರದ ತುಂಡು ಹಿಡಿದು ಹಿಂದಿನ ಚಕ್ರದ ಬಳಿಯೇ ಓಡುತ್ತಿದ್ದ. ಬಸ್ಸು ಹಿಂದೆ ಜಾರಿದರೆ ತುಂಡನ್ನು ಚಕ್ರಕ್ಕೆ ಅಡ್ಡ ಕೊಡಬೇಕು. ನಾವೆಲ್ಲ ಗಂಟು ಮೂಟೆ, ಕೋಳಿ, ಮಕ್ಕಳನ್ನು ಎತ್ತಿಕೊಂಡು ಹಿಂದಿನಿಂದ ನಡೆಯುವುದು. ತಿರುವು ದಾಟಿದ ಮೇಲೆ ಮತ್ತೆ ಹತ್ತುವುದು. ಬಸ್ಸು ಚಡಾವು ಇಳಿಯುವಾಗಲೂ ಹಾಗೆಯೇ. ಮದುಮಗಳೂ ಇಳಿದು ನಡೆಯಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಸುಳ್ಯದಿಂದ ಬಂದ ಬಸ್ಸು ಚಡಾವಿನ ಬುಡದಲ್ಲಿ ನಿಲ್ಲುತ್ತಿತ್ತು, ಪುತ್ತೂರಿನಿಂದ ಬಂದದ್ದು ಮೇಲೆ ನಿಲ್ಲುತ್ತಿತ್ತು. ನಡುವಿನದ್ದು ನಮ್ಮ ಕಾಲಿಗೆ.

ಮೊದಲು ಇಳಿಯುವವರು ಯಾವಾಗಲೂ ಬಾಳಪ್ಪ ಅಜ್ಜ. ನಮ್ಮ ನೆರೆಮನೆಯವರು. ಅವರ ಮಗ ಲಾರಿ ಕ್ಲೀನರ್ ಆಗಿದ್ದ. ಒಂದು ದಿನ ಅಜ್ಜ ಅದೇ ಲಾರಿಯಲ್ಲಿ ಊರಿಗೆ ಬರುತ್ತಿದ್ದರು. ತಿರುವಿನ ಮೇಲೆ ಕ್ರಮದಂತೆ ಇಳಿದರು. ಲಾರಿ ಚಡಾವು ಇಳಿಯುವಾಗ ಕ್ಲೀನರ್ ಒಳಗೇ ಇದ್ದು ಅಂಚು ನೋಡಿ ಹೇಳಬೇಕು, ಮಗ ಇಳಿಯುವ ಹಾಗಿರಲಿಲ್ಲ. ಲಾರಿ ಅಂಚಿಗೆ ಹೋಗಿ ಮಣ್ಣು ಕುಸಿದು ಹೊಳೆಗೆ ಉರುಳಿದ್ದನ್ನು ಅಜ್ಜ ರಸ್ತೆಯಲ್ಲಿ ನಿಂತು ನೋಡಿದರು. ಆ ಮೇಲೆ ಬಸ್ಸು ಇನ್ನೂ ನಿಲ್ಲುವ ಮೊದಲೇ ಅವರು ಬಾಗಿಲಿನಲ್ಲಿ ಇರುತ್ತಿದ್ದರು.

ನಮ್ಮ ಮನೆಯಲ್ಲೂ ಆ ತಿರುವು ಒಂದು ಜೀವ ತೆಗೆದಿತ್ತು. ಅಣ್ಣ ಕುಶಾಲಪ್ಪನ ಹೆಂಡತಿ ಕಮಲ ಅತ್ತಿಗೆಗೆ ಮೊದಲ ಹೆರಿಗೆ ನೋವು ಬಂದದ್ದು ಮಳೆಗಾಲದಲ್ಲಿ. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಕೆಸರಿನಲ್ಲಿ ಚಡಾವು ಹತ್ತಿಸಿದೆವು. ಮೇಲೆ ಮುಟ್ಟುವಾಗ ಪುತ್ತೂರಿನ ಬಸ್ಸು ಹೋಗಿಯಾಗಿತ್ತು. ಮುಂದಿನ ಬಸ್ಸು ಬರುವ ಮೊದಲು ಮಗು ಹುಟ್ಟಿತು, ಅಳಲಿಲ್ಲ. 

ತಿರುವು ಸರಿ ಮಾಡಿಸಿ ಎಂದು ಊರವರು ಅರ್ಜಿ ಕೊಟ್ಟದ್ದಕ್ಕೆ ಲೆಕ್ಕ ಇಲ್ಲ. ಮದ್ರಾಸಿನ ಕಾಲದಲ್ಲಿ ಕೊಟ್ಟದ್ದು ಮದ್ರಾಸಿನಲ್ಲಿ ಉಳಿಯಿತು. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮತ್ತೆ ಕೊಟ್ಟರು. ಯಾರೂ ಬರಲಿಲ್ಲ. ಬರುತ್ತಾರೆಂದು ನಾವು ನಂಬುವುದನ್ನು ಬಿಟ್ಟ ಮೇಲೆ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಒಬ್ಬ ಓವರ್ಸಿಯರ್ ಬಸ್ಸಿನಿಂದ ಇಳಿದರು. ಶಿವಣ್ಣ ಎಂದು ಹೆಸರು, ಘಟ್ಟದ ಮೇಲಿನವರು. ಬಂಡೆಯ ಎದುರು ನಿಂತು ಟೊಪ್ಪಿ ತೆಗೆದರು.

"ಅಬ್ಬಾ! ಏನ್ರಪ್ಪಾ ಇದು, ಇಲ್ಲಿ ಬಸ್ ಹೋಗುತ್ತಾ?"

"ಬಸ್ಸು ಹೋಗ್ತದೆ, ಜನ ಹೋಗುದಿಲ್ಲ" ಎಂದರು ಬಾಳಪ್ಪ ಅಜ್ಜ. "ನೀವು ಎಂತಕ್ಕೆ ಬಂದದ್ದು?"

"ಸರಕಾರ ದುಡ್ಡು ಕೊಟ್ಟಿದೆ ಕಣ್ರೀ. ಅಪಾಯದ ತಿರುವು ಸರಿಪಡಿಸೋಕೆ ಅಂತಲೇ ಬೇರೆ ಇಟ್ಟಿರೋ ದುಡ್ಡು. ಬಂಡೆ ಒಡೀಬೇಕು, ರಸ್ತೆ ಅಗಲ ಮಾಡ್ಬೇಕು, ಆ ಕಡೆ ಗೋಡೆ ಕಟ್ಬೇಕು."

"ಸತ್ತವರು ಸತ್ತಾಯ್ತು. ಈಗ ಗೋಡೆ ಯಾರಿಗೆ ಮಾರಾಯ್ರೆ, ಹೊಳೆಗಾ?"

ಓವರ್ಸಿಯರ್ ಟೊಪ್ಪಿ ಮತ್ತೆ ತಲೆಗೆ ಹಾಕಿಕೊಂಡರು. "ಬೇಗ ಶುರು ಮಾಡ್ಬೇಕು. ಮಾರ್ಚ್ ಒಳಗೆ ಖರ್ಚಾಗ್ಲಿಲ್ಲ ಅಂದ್ರೆ ದುಡ್ಡು ವಾಪಸ್ ಹೋಗುತ್ತೆ" ಎಂದರು.

"ಹೋಗ್ಲಿ. ವಾಪಸ್ ಹೋಗ್ಲಿಕ್ಕೆ ಅದಕ್ಕೂ ಈ ತಿರುವೇ ದಾಟ್ಬೇಕಲ್ಲ. ಇಳಿದು ನಡೀಲಿ."

ಅಲ್ಲಿದ್ದವರೆಲ್ಲ ನಕ್ಕರು. ಓವರ್ಸಿಯರೂ ನಕ್ಕರು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮೈಯಲ್ಲಿ ಬಲ ಇತ್ತು. ಮರುದಿನವೇ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ಹೇಳಿದಾಗ ಅತ್ತಿಗೆ ಅಕ್ಕಿ ಆರಿಸುತ್ತಿದ್ದರು.

"ಮಳೆಗಾಲದ ಮೊದಲು ಮುಗೀತದಾ?" ಎಂದು ಕೇಳಿದರು.

"ಮುಗೀತದೆ ಅಂತಾರೆ. ಎಂತಕ್ಕೆ ಅತ್ತಿಗೆ?"

ಅವರು ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದರು. ಅವರಿಗೆ ಮತ್ತೆ ದಿನ ನಿಂತಿದೆ, ಹೆರಿಗೆ ಬರುವುದು ಆಟಿ ತಿಂಗಳ ಹೊತ್ತಿಗೆ, ಜಡಿಮಳೆಯಲ್ಲಿ ಎಂದು ಅಮ್ಮ ಆಮೇಲೆ ಹೇಳಿದರು. ಈ ಸಲ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಮನೆಯಲ್ಲಿ ಆದರೆ ತಾಯಿಯೂ ಉಳಿಯುವುದು ಕಷ್ಟ ಎಂದು ಪುತ್ತೂರಿನ ಡಾಕ್ಟರು ಹೇಳಿದರಂತೆ. ಅಂದಿನಿಂದ ನನಗೆ ಆ ಬಂಡೆ ಬರೀ ಬಂಡೆ ಅಲ್ಲ.

ಬಂಡೆ ಒಡೆಯುವ ಕೆಲಸ ನೋಡದವರಿಗೆ ಹೇಳುತ್ತೇನೆ. ಒಬ್ಬ ಉದ್ದದ ಕಬ್ಬಿಣದ ಸರಳು ಹಿಡಿಯುತ್ತಾನೆ. ಇಬ್ಬರು ಸುತ್ತಿಗೆಯಿಂದ ಅದರ ತಲೆಗೆ ಬಡಿಯುತ್ತಾರೆ. ಪ್ರತಿ ಪೆಟ್ಟಿಗೆ ಸರಳನ್ನು ಸ್ವಲ್ಪ ತಿರುಗಿಸಬೇಕು. ತೂತಿಗೆ ನೀರು ಹಾಕಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಬಡಿದರೂ ಒಂದು ಮೊಳ ಇಳಿಯದು. ಆಮೇಲೆ ಮದ್ದು ತುಂಬಿಸಿ ಬತ್ತಿ ಇಟ್ಟು ಕೆಂಪು ಬಾವುಟ ಕಟ್ಟಿ ಓಡಬೇಕು. ಮೊದಲ ಸ್ಫೋಟಕ್ಕೆ ಇಡೀ ಊರೇ ಎದುರು ಗುಡ್ಡದಲ್ಲಿ ಸೇರಿತ್ತು. ಢಂ ಎಂದಿತು. ಹೊಗೆ ಹೋದ ಮೇಲೆ ನೋಡಿದರೆ ಗೂಬೆಕಲ್ಲಿನಿಂದ ಒಂದು ಬುಟ್ಟಿ ಚೂರು ಬಿದ್ದಿತ್ತು.

"ಅದಕ್ಕೆ ತುರಿಕೆ ಆಯ್ತು, ಅಷ್ಟೇ" ಎಂದರು ಬಾಳಪ್ಪ ಅಜ್ಜ.

ಅವರು ದಿನಾ ಬರುತ್ತಿದ್ದರು. ಎಲೆ ಅಡಿಕೆ ಹಾಕಿಕೊಂಡು ಎದುರು ಕೂರುವುದು, ನಮ್ಮನ್ನು ಕೆಣಕುವುದು. ಮಗ ಬಿದ್ದ ಜಾಗದ ಕಡೆ ಮಾತ್ರ ಬೆನ್ನು ಹಾಕಿಯೇ ಕೂರುತ್ತಿದ್ದರು.

ಚಳಿಗಾಲ ಪೂರ್ತಿ ಒಡೆದೆವು. ಹೊರಗೆ ಕಂಡದ್ದು ಬಂಡೆಯ ಮೂಗು ಮಾತ್ರ, ಮೈ ಇಡೀ ಗುಡ್ಡದ ಒಳಗಿದೆ ಎಂದು ಆಗ ಗೊತ್ತಾಯಿತು. ಓವರ್ಸಿಯರ ಮುಖ ಸಣ್ಣದಾಯಿತು. ಇಷ್ಟು ದೊಡ್ಡ ಬಂಡೆಗೆ ಲೆಕ್ಕ ಹಾಕಿರಲಿಲ್ಲ, ಬಂದ ಹಣ ಬಂಡೆಗೇ ಮುಗಿಯುತ್ತದೆ, ಗೋಡೆಗೆ ಉಳಿಯುವುದಿಲ್ಲ ಎಂದರು. ಮೇಲಿನವರಿಗೆ ಬರೆದರು. ಕೆಲಸ ನಿಂತಿತು. ಅರ್ಧ ಒಡೆದ ಬಂಡೆ, ಕಿತ್ತು ಹಾಕಿದ ರಸ್ತೆ. ಮೊದಲಿಗಿಂತ ಕಡೆ. ಅತ್ತಿಗೆಯ ಹೊಟ್ಟೆ ಮಾತ್ರ ನಿಲ್ಲದೆ ದೊಡ್ಡದಾಗುತ್ತಿತ್ತು.

ಆ ಸುಮ್ಮನೆ ಕೂತ ದಿನಗಳಲ್ಲಿ ಒಮ್ಮೆ ಓವರ್ಸಿಯರ ಹತ್ತಿರ ಕೇಳಿದೆ.

"ಸಾರ್, ಈ ಹಣ ಯಾರದ್ದು?"

"ನಿಂದೇ ಕಣೋ."

"ನನ್ನತ್ರ ಎಂತ ಉಂಟು ಸಾರ್? ಕುಶಾಲು ಮಾಡ್ಬೇಡಿ."

"ಕೈಯಲ್ಲಿ ಏನಿದೆ ನೋಡು."

ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. ಬೀಡಿ ಹಚ್ಚಲು ತೆಗೆದದ್ದು.

"ಅದನ್ನ ಕೊಂಡಾಗ ಅದ್ರಲ್ಲಿ ಒಂಚೂರು ಸರಕಾರಕ್ಕೆ ಹೋಯ್ತು. ನೀನು ಕೊಳ್ತೀಯ, ಬೀದರಿನಲ್ಲಿ ಇನ್ನೊಬ್ಬ ಕೊಳ್ತಾನೆ, ಕೋಲಾರದಲ್ಲಿ ಮತ್ತೊಬ್ಬ. ಎಲ್ಲಾ ಸೇರಿ ಇಲ್ಲಿಗೆ ಬರುತ್ತೆ."

ಬೀದರ್ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಈಗಲೂ ನೋಡಿಲ್ಲ. ಅಲ್ಲಿಯ ಯಾವನೋ ಒಬ್ಬ ಸಂಜೆ ದೀಪ ಹಚ್ಚಲು ಕಡ್ಡಿ ಗೀರಿದ. ಅವನಿಗೆ ಗೂಬೆಕಲ್ಲು ಗೊತ್ತಿಲ್ಲ, ನಮ್ಮ ಅತ್ತಿಗೆ ಗೊತ್ತಿಲ್ಲ. ಆದರೂ ಅವನ ಕಾಸು ಇಲ್ಲಿಗೆ ಬಂದು ಅರ್ಧ ಬಂಡೆ ಒಡೆದಿದೆ. ನಾನು ಆ ದಿನ ಬೀಡಿ ಹಚ್ಚಲಿಲ್ಲ. ಬೆಂಕಿಪೊಟ್ಟಣವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ದೇವಸ್ಥಾನದಲ್ಲೂ ನನಗೆ ಹಾಗೆ ಮೈ ಜುಂ ಎಂದದ್ದಿಲ್ಲ.

ಬೇಸಿಗೆಯ ಬಿಸಿಲು ಏರಿದ ಮೇಲೆ ಒಂದು ದಿನ ದೊಡ್ಡ ಎಂಜಿನಿಯರು ಜೀಪಿನಲ್ಲಿ ಬಂದರು. ಅದೇ ಹೊತ್ತಿಗೆ ಪುತ್ತೂರಿನಿಂದ ಬಸ್ಸು ಇಳಿದು ಬಂತು. ಜೀಪು ಹಿಂದೆ ಸರಿಯಬೇಕಾಯಿತು. ಸರಿಯುವಾಗ ಅಂಚಿನ ಕಲ್ಲೊಂದು ಕಳಚಿ ಕೆಳಗೆ ಹೋಯಿತು. ಅದು ಹೊಳೆಗೆ ಬಿದ್ದ ಸದ್ದು ಕೇಳಲು ನಾವು ಕಾಯಬೇಕಾಯಿತು. ಎಂಜಿನಿಯರು ಜೀಪು ನಿಲ್ಲಿಸಲು ಹೇಳಿ ಕೆಳಗೆ ಇಳಿದರು. ಡ್ರೈವರ್ ಒಬ್ಬನೇ ಜೀಪನ್ನು ಹಿಂದೆ ತಂದ.

ಬಸ್ಸಿನ ಹಿಂದಿನಿಂದ ಜನ ನಡೆದು ಬಂದರು. ಡಾಕ್ಟರಿಗೆ ತೋರಿಸಿ ಬರುತ್ತಿದ್ದ ಅತ್ತಿಗೆಯೂ ಇದ್ದರು, ಹಿಂದೆ ಅಣ್ಣ. ಅತ್ತಿಗೆಗೆ ಏದುಸಿರು. ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

ಎಂಜಿನಿಯರು ಹತ್ತಿರ ಹೋದರು. "ಈ ಸ್ಥಿತಿಯಲ್ಲಿ ಯಾಕಮ್ಮ ಬಸ್ಸಿನಿಂದ ಇಳಿದಿರಿ? ಒಳಗೇ ಕೂತಿರಬಹುದಿತ್ತಲ್ಲ?"

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ನೀವು ಕೂಡ ಇಳಿದಿದ್ದೀರಲ್ಲ ಸಾರ್."

ಎಂಜಿನಿಯರು ತಮ್ಮ ಬೂಟು ನೋಡಿದರು. ಬೂಟಿನ ತುಂಬ ಕೆಂಪು ಮಣ್ಣು. ಆಮೇಲೆ ದೂರದಲ್ಲಿ ನಿಂತ ಜೀಪು ನೋಡಿದರು. ಬಾಳಪ್ಪ ಅಜ್ಜ ಬಾಯಿಯ ಎಲೆ ಅಡಿಕೆ ಉಗಿಯುವುದನ್ನೂ ಮರೆತರು. ಎಂಜಿನಿಯರು ಓವರ್ಸಿಯರ ಹೆಗಲಿಗೆ ಕೈ ಹಾಕಿ ಅಂಚಿನವರೆಗೆ ಹೋದರು, ಕೆಳಗೆ ನೋಡಿದರು, ಜೀಪು ಹತ್ತಿ ಹೊರಟುಹೋದರು.

ಮಾರ್ಚ್ ಮುಗಿದರೂ ಹಣ ವಾಪಸ್ ಹೋಗಲಿಲ್ಲ, ಗೋಡೆಗೆ ಬೇಕಾದದ್ದೂ ಬಂತು. ಬೇರೆ ಯಾವ ಕೆಲಸದಿಂದ ಎತ್ತಿ ಕೊಟ್ಟರೋ, ಯಾರ ಕಾಲಿಗೆ ಬಿದ್ದರೋ, ನಮಗೆ ಯಾರೂ ಹೇಳಲಿಲ್ಲ. ಓವರ್ಸಿಯರ್ ಓಡಿಕೊಂಡೇ ಬಂದರು. "ಎದ್ದೇಳ್ರಯ್ಯಾ, ಸುತ್ತಿಗೆ ಹಿಡೀರಿ!"

ಬಂಡೆಯ ಮೈಗೆ ಸಾಲಾಗಿ ತೂತು ಕೊರೆದೆವು. ಎಲ್ಲದಕ್ಕೂ ಒಟ್ಟಿಗೆ ಮದ್ದು. ಆ ದಿನ ಊರಲ್ಲಿ ದನಗಳನ್ನು ದೂರ ಕಟ್ಟಿದರು. ಬಸ್ಸನ್ನು ಎರಡೂ ಕಡೆ ತಡೆದರು. ನಾನು ಎದುರು ಗುಡ್ಡದಲ್ಲಿ ಮರದ ಹಿಂದೆ ಕವುಚಿ ಮಲಗಿದ್ದೆ. ಸದ್ದು ಕಿವಿಗೆ ಬರುವ ಮೊದಲು ಹೊಟ್ಟೆಯ ಅಡಿಯ ನೆಲಕ್ಕೆ ಬಂತು. ಇಡೀ ಗುಡ್ಡ ಒಮ್ಮೆ ಉಸಿರು ಎಳೆದು ಬಿಟ್ಟ ಹಾಗೆ. ಆಮೇಲೆ ಕಲ್ಲುಗಳು ಉರುಳುವ ಸದ್ದು, ಧೂಳು, ಕಾಗೆಗಳ ಕೂಗು. ಧೂಳು ಇಳಿಯಿತು. ಬಂಡೆ ಇದ್ದಲ್ಲಿ ಆಕಾಶ ಇತ್ತು. ಅಷ್ಟು ಆಕಾಶ ಅಲ್ಲಿ ಇದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮೇಲಿನ ಕಡೆ ನಿಂತ ಬಸ್ಸೂ ಕೆಳಗಿನ ಕಡೆ ನಿಂತ ಬಸ್ಸೂ ಒಂದನ್ನೊಂದು ನೋಡುತ್ತಿದ್ದವು. ಕೆಳಗಿನ ಬಸ್ಸಿನ ಡ್ರೈವರ್ ಅದ್ರಾಮಣ್ಣ ಇಳಿದು ಬಂದು ತಲೆಗೆ ಕೈ ಇಟ್ಟುಕೊಂಡು, "ಯಾ ಅಲ್ಲಾ, ಇಷ್ಟು ವರ್ಷ ನಾನು ಕಣ್ಣು ಕಟ್ಟಿಕೊಂಡು ಬಸ್ಸು ಬಿಟ್ಟದ್ದಾ?" ಎಂದ.

ಗೋಡೆ ಕಟ್ಟಿದ್ದು ಆ ಬಂಡೆಯ ಕಲ್ಲಿನಿಂದಲೇ. ಕೆಳಗೆ, ಗಟ್ಟಿ ನೆಲ ಸಿಗುವವರೆಗೆ ಅಗೆದು, ಅಲ್ಲಿಂದ ಎಬ್ಬಿಸಿಕೊಂಡು ಬಂದೆವು. ಒಂದೊಂದು ಕಲ್ಲು ಹೊರಲು ನಾಲ್ಕು ಜನ. ಒಂದು ಸಾಲು ಓರೆಯಾಗಿದೆ ಎಂದು ಓವರ್ಸಿಯರ್ ಕೆಡವಿಸಿದರು. ನಮ್ಮ ಹೆಗಲ ಚರ್ಮ ಹೋಗಿತ್ತು, ಆದರೂ ಕೆಡವಿ ಮತ್ತೆ ಕಟ್ಟಿದೆವು. ಆಮೇಲೆ ಪುತ್ತೂರಿನಿಂದ ರೋಲರ್ ಬಂತು. ಅದು ಬರುವಾಗ ದಾರಿಯ ಮನೆಗಳಲ್ಲಿ ಪಾತ್ರೆ ನಡುಗಿದವಂತೆ. ಜಲ್ಲಿ ಹಾಸಿದೆವು, ಡಾಂಬರು ಹೊಯ್ದೆವು. ಗೋಡೆಯ ಮೇಲಿನ ಕಲ್ಲುಗಳಿಗೆ ಸುಣ್ಣ ಬಳಿದದ್ದು ಕೊನೆಯ ಕೆಲಸ. ಸುಣ್ಣ ಒಣಗುವ ಮೊದಲೇ ಮೊದಲ ಮಳೆ ಬಂದು ಅರ್ಧ ತೊಳೆಯಿತು. ಮತ್ತೆ ಬಳಿದೆವು. ಓವರ್ಸಿಯರ್ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದರು. ಅವರನ್ನು ಆಮೇಲೆ ನಾನು ನೋಡಿಲ್ಲ.

ಆ ಮಳೆಗಾಲ ಬಸ್ಸು ಬದಲಿಸಬೇಕಾಗಲಿಲ್ಲ, ಒಂದೇ ಬಸ್ಸು ಪುತ್ತೂರಿನವರೆಗೆ ಓಡಿತು. ಆದರೆ ಜನ ಇಳಿಯುವುದು ನಿಲ್ಲಲಿಲ್ಲ. ಚಡಾವಿನ ಬುಡ ಬಂದದ್ದೇ ಎಲ್ಲರೂ ಏಳುವುದು. ಅದ್ರಾಮಣ್ಣ ಬೊಬ್ಬೆ ಹಾಕುತ್ತಿದ್ದ.

"ಗೋಡೆ ಉಂಟಲ್ಲ ಮಾರಾಯ್ರೆ, ಕೂತ್ಕೊಳ್ಳಿ!"

"ಗೋಡೆ ಕೂತಿರ್ಲಿ" ಎನ್ನುತ್ತಿದ್ದರು ಬಾಳಪ್ಪ ಅಜ್ಜ ಮೆಟ್ಟಿಲಿನಿಂದ. "ನಾನು ನಡೀತೇನೆ."

ನಾನೂ ಇಳಿಯುತ್ತಿದ್ದೆ. ನಾನೇ ಕಲ್ಲು ಹೊತ್ತ ಗೋಡೆ. ಆದರೂ ಕಾಲು ತಾನಾಗಿ ಏಳುತ್ತಿತ್ತು. ಅದ್ರಾಮಣ್ಣ ಬೈಯುತ್ತಲೇ ಬಸ್ಸು ನಿಲ್ಲಿಸುತ್ತಿದ್ದ. ನಿಲ್ಲಿಸದೆ ಹೋಗಲು ಅವನಿಗೂ ಧೈರ್ಯ ಇರಲಿಲ್ಲ.

ಅತ್ತಿಗೆಯನ್ನು ಮೊದಲೇ ಪುತ್ತೂರಿನಲ್ಲಿ ನೆಂಟರ ಮನೆಗೆ ಬಿಡುವುದೆಂದು ಮಾತಾಗಿತ್ತು. ಹೊರಡುವ ದಿನಕ್ಕಿಂತ ಮೊದಲೇ ನೋವು ಬಂತು. ಆಟಿಯ ಮಳೆ, ಬೆಳಿಗ್ಗೆಯೂ ಮುಸ್ಸಂಜೆಯ ಹಾಗೆ ಕತ್ತಲೆ. ನಾನೂ ಅಣ್ಣನೂ ಅವರನ್ನು ಬಸ್ಸಿಗೆ ಹತ್ತಿಸಿದೆವು. ಬಾಳಪ್ಪ ಅಜ್ಜನೂ ಏನೋ ಕೆಲಸಕ್ಕೆ ಹೊರಟಿದ್ದರು. ಚಡಾವಿನ ಬುಡದಲ್ಲಿ ಬಸ್ಸು ನಿಂತಿತು. ಎಲ್ಲರೂ ಕೊಡೆ ಬಿಡಿಸಿ ಇಳಿದರು. ಮೊದಲು ಅಜ್ಜ.

ಅತ್ತಿಗೆ ಎದುರಿನ ಸೀಟಿನ ಕಂಬಿ ಹಿಡಿದು ಕೂತಿದ್ದರು. ಬೆರಳುಗಳು ಬಿಳಿಚಿದ್ದವು.

"ಇಳಿ ಕಮಲ" ಎಂದ ಅಣ್ಣ. "ನಾವು ಎತ್ತಿಕೊಂಡು ಹೋಗ್ತೇವೆ, ಸ್ವಲ್ಪ ದೂರ ಅಲ್ವಾ."

"ಮೊದಲ ಸಲ ಎತ್ತಿಕೊಂಡೇ ಹೋದದ್ದು. ಎಂತ ಆಯ್ತು? ನಾನು ಇಳಿಯುದಿಲ್ಲ."

"ಏನಾದ್ರೂ ಹೆಚ್ಚು ಕಮ್ಮಿ ಆದ್ರೆ?"

"ಗೋಡೆ ಕಟ್ಟಿದ್ದು ನಿಮ್ಮ ತಮ್ಮ. ಅವನತ್ರ ಕೇಳಿ, ಗಟ್ಟಿ ಉಂಟಾ ಅಂತ."

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಒಂದು ಕಾಲು ಮೆಟ್ಟಿಲಿನಲ್ಲಿ, ಇನ್ನೊಂದು ನೆಲದಲ್ಲಿ. ಮಳೆ ತಲೆಗೆ ಬಡಿಯುತ್ತಿತ್ತು. ಅಡಿಪಾಯದ ಕಲ್ಲು, ಕೆಡವಿ ಕಟ್ಟಿದ ಸಾಲು, ಎಲ್ಲ ಕಣ್ಣೆದುರು ಬಂತು. ಅಂಚಿನಿಂದ ಕಳಚಿ ಹೋದ ಕಲ್ಲಿನ ಸದ್ದೂ ಬಂತು. 

"ಗಟ್ಟಿ ಉಂಟು" ಎಂದೆ. ನೆಲದ ಮೇಲಿದ್ದ ಕಾಲನ್ನೂ ಒಳಗೆ ತಂದು ಅತ್ತಿಗೆಯ ಪಕ್ಕ ನಿಂತೆ. ಅಣ್ಣ ಕೂತ. ಅದ್ರಾಮಣ್ಣ ಸ್ಟೇರಿಂಗಿನ ಮೇಲೆ ಕೈ ಇಟ್ಟು ಕಾಯುತ್ತಿದ್ದ.

ಆಗ ಬಾಳಪ್ಪ ಅಜ್ಜ ಕೊಡೆ ಮಡಚಿದರು. ಮೆಟ್ಟಿಲು ಹತ್ತಿ ಒಳಗೆ ಬಂದರು.

"ನೀವು ಎಂತ ಅಜ್ಜ?" ಎಂದ ಅದ್ರಾಮಣ್ಣ.

"ಇಲ್ಲಿ ನಿಂತು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ. ನೀನು ಬಿಡು ಬಸ್ಸು."

ಅವರು ಹೊಳೆಯ ಕಡೆಯ ಸೀಟಿನಲ್ಲೇ ಕೂತರು. ಹೊರಗೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಹತ್ತಿದ. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಹತ್ತಿದಳು. ಕೋಳಿಗಳ ಬುಟ್ಟಿ ಬಂತು. ಕೊನೆಗೆ ರಸ್ತೆಯಲ್ಲಿ ಮಳೆ ಮಾತ್ರ ಉಳಿಯಿತು. ಬಸ್ಸಿನ ತುಂಬ ಒದ್ದೆ ಬಟ್ಟೆಯ ವಾಸನೆ.

ಅದ್ರಾಮಣ್ಣ ಬಿಸ್ಮಿಲ್ಲಾ ಎಂದು ಗೇರ್ ಹಾಕಿದ. ತುಂಬಿದ ಬಸ್ಸು ಏರತೊಡಗಿತು. ಒಂದು ಕಡೆ ಕೊರೆದ ಬಂಡೆಯ ಮೈಯಿಂದ ನೀರು ಇಳಿಯುತ್ತಿತ್ತು. ಇನ್ನೊಂದು ಕಡೆ ಸುಣ್ಣದ ಕಲ್ಲುಗಳು ಒಂದೊಂದಾಗಿ ಬಂದವು, ಹೋದವು. ಅವುಗಳ ಆಚೆ ಹೊಳೆ ಕೆಂಪಾಗಿ ಬೊಬ್ಬೆ ಹಾಕುತ್ತಿತ್ತು. ಅಜ್ಜ ಕಿಟಕಿಯ ಹೊರಗೆ ಮುಖ ಮಾಡಿ ಮಗ ಬಿದ್ದ ಜಾಗವನ್ನು ನೇರ ನೋಡಿದರು, ಕಣ್ಣು ಮಿಟುಕಿಸದೆ. ಬಸ್ಸು ಎಲ್ಲೂ ಜಾರಲಿಲ್ಲ, ಎಲ್ಲೂ ವಾಲಲಿಲ್ಲ. ನಾನು ಕಾಯುತ್ತಿದ್ದ ಆ ಭಯಂಕರದ್ದು ಬರಲೇ ಇಲ್ಲ. ರಸ್ತೆ ಸಮ ಆಯಿತು. ಅದ್ರಾಮಣ್ಣ ಗೇರ್ ಬದಲಿಸಿದ.

ಅತ್ತಿಗೆ ಕಣ್ಣು ಮುಚ್ಚಿಕೊಂಡೇ ನನ್ನ ಅಂಗಿ ಎಳೆದರು. "ಲಿಂಗಪ್ಪ, ತಿರುವು ಬರುವಾಗ ಹೇಳು. ಗಟ್ಟಿ ಹಿಡ್ಕೊಳ್ತೇನೆ."

 ಅಜ್ಜ ಈಚೆ ತಿರುಗಿದರು. ಮುಖದಲ್ಲಿದ್ದದ್ದು ಮಳೆಯ ನೀರೋ ಏನೋ.

"ಅದು ಹಿಂದೆ ಹೋಯ್ತು ಮಗಾ" ಎಂದರು. "ಕಂಬಿ ಬಿಡು."

ಮಧ್ಯಾಹ್ನದ ಒಳಗೆ ಪುತ್ತೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಹೊರಗಿನ ಜಗಲಿಯವರೆಗೆ ಕೇಳುವ ಹಾಗೆ ಅತ್ತಿತು. ಈಗ ಅದು ಮಾತಾಡುತ್ತದೆ, ಬಸ್ಸೆಂದರೆ ಜೀವ. ಹತ್ತಿ ಕೂತ ಕೂಡಲೇ ನನ್ನ ತೊಡೆಯ ಮೇಲೆ ನಿದ್ದೆ. ಗೂಬೆಕಲ್ಲಿನ ತಿರುವು ಬರುವಾಗ ಪ್ರತಿ ಸಲ ಎಬ್ಬಿಸಿ ತೋರಿಸಬೇಕೆಂದು ನನಗೆ ಅನಿಸುತ್ತದೆ. ಅದರ ಬಾಯಿ ತೆರೆದೇ ಇರುತ್ತದೆ, ಜೊಲ್ಲು ನನ್ನ ಪಂಚೆಗೆ ಇಳಿಯುತ್ತದೆ. ನಾನು ಎಬ್ಬಿಸುವುದಿಲ್ಲ.